ಆರನೇ ಪೋರ್ಟಿನ ಕನ್ನಡಿ

ನನ್ನ ಬಾಮೈದ ಸೀನನಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು. ಈ ಒಂದು ವಾಕ್ಯ ಬರೆಯುವುದಕ್ಕೆ ನಾನು ನಿವೃತ್ತನಾಗುವವರೆಗೆ ಕಾಯಬೇಕಾಯಿತು. ಈಗಲೂ ಎರಡು ಸಲ ಹೊಡೆದುಹಾಕಿ ಮೂರನೇ ಸಲ ಬರೆದಿದ್ದೇನೆ.

ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಮನೆಗೆ ಬಂದು, ನಿಮ್ಮ ಕಾಲದ್ದನ್ನು ಬರೆದುಕೊಡಿ ಎಂದು ಕೇಳಿದರು. ಪುಸ್ತಕದಲ್ಲಿ ಸಿಗುವುದನ್ನು ನಾನು ಬರೆಯುವುದಿಲ್ಲ, ಅದನ್ನು ಅವರು ನನಗಿಂತ ಚೆನ್ನಾಗಿ ಓದಿದ್ದಾರೆ. ಯಾವ ಪುಸ್ತಕದಲ್ಲೂ ಇಲ್ಲದ ಒಂದು ವಿಷಯವಿದೆ, ಅದು ಹೊಟ್ಟೆಕಿಚ್ಚು. ಈ ಕೆಲಸದಲ್ಲಿ ಅದರ ಉಪಯೋಗ ಎಷ್ಟು ಎಂದು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ನಾನಿದ್ದದ್ದು ಮಾವಿನಹಣ್ಣಿನ ಪಲ್ಪ್ ತೆಗೆದು ಡಬ್ಬಿಗೆ ತುಂಬುವ ಒಂದು ಖಾಸಗಿ ಕಂಪನಿಯಲ್ಲಿ. ಅದು ಈಗಿಲ್ಲ, ಹೆಸರೂ ಬೇಡ. ಮುಖ್ಯ ಕಚೇರಿ ಕೋಲಾರದಲ್ಲಿ, ಪಲ್ಪ್ ಫ್ಯಾಕ್ಟರಿ ಶ್ರೀನಿವಾಸಪುರದಲ್ಲಿ, ತುಂಬಿದ ಡಬ್ಬಿಗಳ ಗೋಡೌನು ಮಾಲೂರಿನಲ್ಲಿ. ಮುಳಬಾಗಿಲಿನಲ್ಲಿ ಒಂದು ಯಾರ್ಡು. ಆ ಕಡೆಯ ತೋಟಗಳ ಕಾಯಿ ಅಲ್ಲಿಗೆ ಬಂದು, ವೇಬ್ರಿಡ್ಜಿನ ಮೇಲೆ ಲಾರಿ ತೂಗಿ, ಶ್ರೀನಿವಾಸಪುರಕ್ಕೆ ಹೋಗಬೇಕು. ನಾನು ಹುಟ್ಟಿದ್ದೂ ಮುಳಬಾಗಿಲಿನಲ್ಲೇ. ನಮ್ಮದು ಲೆಕ್ಕ ಬರೆಯುವವರ ಮನೆ, ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕುವುದು ರಕ್ತದಲ್ಲೇ ಇತ್ತು ಅಂದುಕೊಳ್ಳಿ.

ತೊಂಬತ್ತರ ದಶಕದಲ್ಲಿ ನಾನು ಸೇರಿದಾಗ ಕೋಲಾರದ ಕಚೇರಿಯ ನೆಟ್‌ವರ್ಕ್ ಎಂದರೆ ಮೇಜಿನಿಂದ ಮೇಜಿಗೆ ಹಾದುಹೋಗುವ ಒಂದೇ ಒಂದು ಕಪ್ಪು ಕೇಬಲ್. ಲೆಕ್ಕಪತ್ರದ ಗುಮಾಸ್ತರು ಕುರ್ಚಿ ಹಿಂದಕ್ಕೆ ಎಳೆದರೆ ಕಾಲಿಗೆ ಸಿಕ್ಕಿ ಜಾಯಿಂಟು ಸಡಿಲವಾಗಿ ಇಡೀ ಕಚೇರಿ ನಿಂತುಹೋಗುತ್ತಿತ್ತು. ನಾನು ಮೇಜುಗಳ ಕೆಳಗೆ ತೆವಳಿಕೊಂಡು ಹೋಗಿ ಒಂದೊಂದೇ ಜಾಯಿಂಟು ಅಲ್ಲಾಡಿಸಿ ನೋಡಬೇಕು. ಯಾರ ಚಪ್ಪಲಿ ಸವೆದಿದೆ, ಯಾರ ಕಾಲ್ಬೆರಳಲ್ಲಿ ಆಣಿಯಿದೆ ಎಂದೆಲ್ಲ ನನಗೆ ಗೊತ್ತಿತ್ತು.

ಆಮೇಲೆ ಹಬ್ ಬಂತು, ನನ್ನ ಒಳ್ಳೆಯ ಕಾಲವೂ ಬಂತು. ಹಬ್ ಎನ್ನುವುದು ಬಾಯಿ ನಿಲ್ಲದ ಡಬ್ಬ. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಹೇಳಿದ್ದನ್ನು ಅದು ಕೇಬಲ್ ಚುಚ್ಚುವ ಎಲ್ಲ ಪೋರ್ಟುಗಳಲ್ಲೂ ಕೂಗಿ ಹೇಳುತ್ತದೆ. ಯಾರಿಗೆ ಸೇರಬೇಕೋ ಅವರು ಕೇಳಿಸಿಕೊಳ್ಳುತ್ತಾರೆ, ಉಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಕಿವಿ ಮುಚ್ಚುತ್ತಿರಲಿಲ್ಲ. ನೆಟ್‌ವರ್ಕಿನಲ್ಲಿ ಓಡಾಡುವುದನ್ನೆಲ್ಲ ಹಿಡಿದು ತೋರಿಸುವ ಒಂದು ಪ್ರೋಗ್ರಾಮನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಖಾಲಿಯಿರುವ ಯಾವುದೋ ಪೋರ್ಟಿಗೆ ಚುಚ್ಚಿ ಕೂತರೆ ಕಚೇರಿಯ ಸಮಸ್ತವೂ ನನ್ನ ಮುಂದೆ ಹರಿಯುತ್ತಿತ್ತು. ಮಧ್ಯಾಹ್ನವಾದರೆ ಲೆಕ್ಕಪತ್ರ ವಿಭಾಗದ ಕಂಪ್ಯೂಟರುಗಳು ಎತ್ತಿನ ಗಾಡಿಯಾಗುವುದೇಕೆ ಎಂದು ಯಾರಿಗೂ ತಿಳಿಯದಿದ್ದಾಗ, ಖರೀದಿ ವಿಭಾಗದ ಒಬ್ಬರು ಊಟದ ಹೊತ್ತಿನಲ್ಲಿ ಹಾಡಿನ ಸೀಡಿಗಳನ್ನು ಗೆಳೆಯನ ಮೆಷೀನಿಗೆ ಕಾಪಿ ಮಾಡುತ್ತಿರುವುದನ್ನು ಹಿಡಿದವನು ನಾನು.

ನಮ್ಮ ಜನರಲ್ ಮ್ಯಾನೇಜರ್ ತಿಮ್ಮಾರೆಡ್ಡಿಯವರು ಅವತ್ತು ಎಲ್ಲರೆದುರು ಹೇಳಿದರು. "ರಾವ್ ಅವರ ಕಣ್ಣು ತಪ್ಪಿಸಿ ಇಲ್ಲಿ ಸೊಳ್ಳೆನೂ ಹಾರಂಗಿಲ್ಲ."

ಮಾಲೂರಿನಿಂದಾಗಲಿ ಶ್ರೀನಿವಾಸಪುರದಿಂದಾಗಲಿ ಫೋನು ಬಂದರೆ ಮೊದಲ ಮಾತೇ, ರಾವ್ ಅವರನ್ನ ಕರೀರಿ, ಅಂತ. ಆ ಕರೆಗೆ ನಾನು ಬದುಕುತ್ತಿದ್ದೆ. ಸಂಬಳ ಯಾರಿಗಾದರೂ ಹೆಚ್ಚಾಗಲಿ, ಕುರ್ಚಿ ಯಾರಿಗಾದರೂ ಸಿಗಲಿ, ನೆಟ್‌ವರ್ಕ್ ನಿಂತಾಗ ಮೊದಲು ಕರೆಯುವ ಹೆಸರು ನನ್ನದಾಗಿದ್ದರೆ ಸಾಕಿತ್ತು.

ಸೀನ ಬಂದದ್ದು ಇಂಥ ಹೊತ್ತಿನಲ್ಲಿ. ನನ್ನ ಹೆಂಡತಿ ಶಾರದೆಯ ತವರು ಆವನಿ. ಅವಳ ತಮ್ಮ ಶ್ರೀನಾಥ, ನಮಗೆಲ್ಲ ಸೀನ. ಬೇರೆಲ್ಲೋ ಕೆಲಸದಲ್ಲಿದ್ದವನು ಒಂದು ಸಂಜೆ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏಂ ಬಾವಾ, ಬಾಗುನ್ನಾರಾ?" ಎಂದು ಮನೆಯ ತೆಲುಗಿನಲ್ಲಿ ಕ್ಷೇಮ ವಿಚಾರಿಸಿಕೊಂಡು, ಆಮೇಲೆ ಹೇಳಿದ. "ನಿಮ್ಮ ಆಫೀಸಲ್ಲೇ ಕೆಲಸ ಸಿಕ್ತು. ನಾಳೆಯಿಂದ ನಿಮ್ಮ ಪಕ್ಕದ ಟೇಬಲ್ಲು."

ಸಂದರ್ಶನಕ್ಕೆ ಬಂದಿದ್ದನ್ನು ನನಗೆ ಹೇಳಿರಲಿಲ್ಲ. ರೆಡ್ಡಿಯವರೂ ಕೇಳಿರಲಿಲ್ಲ. ಶಾರದೆ ಮಾತ್ರ ಖುಷಿಯಿಂದ ಕಣ್ಣೀರು ಹಾಕಿಕೊಂಡು ಅವನಿಗೆ ದೃಷ್ಟಿ ತೆಗೆದಳು. ದೃಷ್ಟಿ ಹಾಕುವವನು, ಅಂದರೆ ನಾನು, ಸೋಫಾದ ಮೇಲೆ ಕೂತು ಮೈಸೂರುಪಾಕು ತಿನ್ನುತ್ತಿದ್ದೆ. ಅವತ್ತಿನಿಂದ ಸೀನನ ಮಧ್ಯಾಹ್ನದ ಊಟದ ಡಬ್ಬಿಯೂ ನಮ್ಮ ಮನೆಯಿಂದಲೇ. ಅವನ ಅನ್ನಕ್ಕೆ ಬೀಳುವ ತುಪ್ಪ ನನ್ನ ಅನ್ನಕ್ಕೆ ಬೀಳುವುದಕ್ಕಿಂತ ಹೆಚ್ಚು. ಇದನ್ನು ನಾನು ಡಬ್ಬಿ ತೆರೆದು ನೋಡಿಯೇ ಹೇಳುತ್ತಿದ್ದೇನೆ.

ಅವನ ಹಿಂದೆಯೇ ಸ್ವಿಚ್ ಬಂತು. ಎರಡು ಸಾವಿರದ ಇಸವಿ ಕಳೆದಿತ್ತು. ಹಬ್ಬುಗಳನ್ನೆಲ್ಲ ಕಿತ್ತು ಹಾಕಿ ಸ್ವಿಚ್ ಹಾಕಿದರು. ಸ್ವಿಚ್ ಕೂಗುವುದಿಲ್ಲ. ಯಾರಿಗೆ ಸೇರಬೇಕೋ ಅವರ ಪೋರ್ಟಿಗಷ್ಟೇ ತಲುಪಿಸಿ ಸುಮ್ಮನಾಗುತ್ತದೆ. ಎಲ್ಲರಿಗೂ ಕೆಲಸ ಚುರುಕಾಯಿತು, ನನಗೆ ಕಣ್ಣು ಹೋಯಿತು. ಆದರೆ ಹೋಗಿದೆ ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಶ್ರೀನಿವಾಸಪುರದಿಂದ ದೂರು ಬಂದಾಗ ಎಂದಿನಂತೆ ಲ್ಯಾಪ್‌ಟಾಪ್ ಚುಚ್ಚಿ ಕೂತೆ. ಆಗೊಂದು ಈಗೊಂದು ಸಾಲು ಬಿಟ್ಟರೆ ಪರದೆಯ ಮೇಲೆ ಏನೂ ಇಲ್ಲ. ಬೆಳಗಿನಿಂದ ಊಟದ ಹೊತ್ತಿನವರೆಗೂ ನೋಡಿ, ನೆಟ್‌ವರ್ಕ್ ಪ್ರಶಾಂತವಾಗಿದೆ, ದೋಷ ಫ್ಯಾಕ್ಟರಿಯವರದ್ದೇ ಇರಬೇಕು ಎಂದು ರೆಡ್ಡಿಯವರಿಗೆ ವರದಿ ಕೊಟ್ಟೆ.

ಸೀನ ಅದನ್ನು ಓದಿ ನಕ್ಕ. ಕೆಟ್ಟದಾಗಿ ನಗಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು. "ಬಾವ, ನಿಮ್ಮ ಪೋರ್ಟಲ್ಲಿ ಮಾತ್ರ ಪ್ರಶಾಂತ. ಇದು ಸ್ವಿಚ್ಚು, ನಿಮ್ಮದಲ್ಲದ್ದು ನಿಮಗೆ ತೋರ್ಸಲ್ಲ."

ಕಚೇರಿಗೆ ಕಚೇರಿಯೇ ಅದನ್ನು ಹಿಡಿದುಕೊಂಡಿತು. ಬೆಳಿಗ್ಗೆ ಬಂದರೆ ಸಾಕು, ಏನ್ ರಾವ್ ಅವರೇ, ಇವತ್ತು ಪ್ರಶಾಂತವಾಗಿದೆಯಾ, ಎಂದು ಒಬ್ಬರಲ್ಲ ಒಬ್ಬರು ಕಾಲೆಳೆಯುವರು. ಇಂಗು ತಿಂದ ಮಂಗನ ಹಾಗೆ ನಾನೂ ನಗಬೇಕು.

ಹೊಸಬರು ಇದನ್ನು ನೆನಪಿಡಿ. ಸ್ವಿಚ್ಚಿನ ಮುಂದೆ ಕೂತು ಏನೂ ಕಾಣಿಸದಿದ್ದರೆ, ಏನೂ ಇಲ್ಲವೆಂದಲ್ಲ. ನಿಮ್ಮನ್ನು ಹೊರಗೆ ನಿಲ್ಲಿಸಿದ್ದಾರೆ ಎಂದರ್ಥ.

ಮಾರನೇ ವಾರವೇ ಸೀನ ಸ್ವಿಚ್ಚಿಗೆ ಏನೋ ಆಜ್ಞೆಗಳನ್ನು ಕೊಟ್ಟು ಒಂದು ಏರ್ಪಾಡು ಮಾಡಿದ. ಆಗ ನಮಗೆ ಹೆಚ್ಚು ತಲೆನೋವಾಗಿದ್ದದ್ದು ಮುಳಬಾಗಿಲಿನ ಲೈನು. ಅದು ಕೋಲಾರದ ಸ್ವಿಚ್ಚಿನ ಆರನೇ ಪೋರ್ಟಿಗೆ ಬಂದು ಸೇರುತ್ತಿತ್ತು. ಆರರಲ್ಲಿ ಬಂದದ್ದು ಹೋದದ್ದೆಲ್ಲದರ ನಕಲು ಕೊನೆಯ ಪೋರ್ಟಿಗೂ ಬರಬೇಕು, ಅಲ್ಲೊಂದು ಹಳೆಯ ಕಂಪ್ಯೂಟರ್ ಕೂತು ಅದನ್ನು ಗ್ರಾಫಾಗಿ ಬರೆಯಬೇಕು. ಇದಕ್ಕೆ ಮಿರರ್ ಎಂದು ಹೆಸರು, ಕಚೇರಿಯವರು ಕನ್ನಡಿ ಎಂದರು. ಹಸಿರು ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡಲು ಕ್ರಿಕೆಟ್ ಮ್ಯಾಚಿಗೆ ಸೇರುವ ಹಾಗೆ ಸೇರುತ್ತಿದ್ದರು. ರೆಡ್ಡಿಯವರು ಹೊರಗಿನಿಂದ ಬಂದವರನ್ನೆಲ್ಲ ಮೊದಲು ಸೀನನ ಕನ್ನಡಿಯ ಮುಂದೆಯೇ ತಂದು ನಿಲ್ಲಿಸುವರು.

"ಇದು ನಮ್ಮ ಶ್ರೀನಾಥ್ ಮಾಡಿದ್ದು. ಇಲ್ಲಿ ಕೂತ್ರೆ ಮುಳಬಾಗಿಲು ಕಾಣ್ತದೆ," ಎನ್ನುವರು.

ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅದನ್ನು ಹೇಗೆ ಮಾಡಿದೆಯೋ ಎಂದು ಸೀನನನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಿದ್ದ. ಕೇಳಲಿಲ್ಲ, ಕೇಳುವವನೂ ಅಲ್ಲ. ಬದಲಿಗೆ ಗುಜರಿಗೆ ಹೊರಟಿದ್ದ ಒಂದು ಪುಟ್ಟ ಹಬ್ಬನ್ನು ಎತ್ತಿಕೊಂಡು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡೆ. ನೋಡಬೇಕಾದ ಲೈನನ್ನು ಸ್ವಿಚ್ಚಿನಿಂದ ಕಿತ್ತು ಹಬ್ಬಿಗೆ ಹಾಕುವುದು, ಹಬ್ಬಿನಿಂದ ಇನ್ನೊಂದು ಕೇಬಲ್ಲನ್ನು ಸ್ವಿಚ್ಚಿಗೆ ಕೊಡುವುದು, ಮೂರನೆಯದಕ್ಕೆ ನನ್ನ ಲ್ಯಾಪ್‌ಟಾಪ್. ಆ ಲೈನಿನದ್ದೆಲ್ಲ ಹಬ್ ಹಾದೇ ಹೋಗಬೇಕು, ಹಬ್ಬಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ.

ಒಮ್ಮೆ ಸೀನ ರಜೆಯಲ್ಲಿದ್ದಾಗ ಮಾಲೂರಿನ ಲೈನಿಗೆ ಹಬ್ ಹಾಕಿ, ತೆಗೆಯುವುದನ್ನು ಮರೆತು ಮನೆಗೆ ಹೋದೆ. ಮಾರನೇ ದಿನ ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದ.

"ಬಾವ, ಇದ್ಯಾಕೆ ಮಧ್ಯದಲ್ಲಿ? ಹೇಳಿದ್ರೆ ಮಾಲೂರಿಗೂ ಕನ್ನಡಿ ಹಾಕ್ಕೊಡ್ತಿದ್ದೆ."

"ನಿನ್ನ ಕನ್ನಡಿ ನೀನೇ ಇಟ್ಕೊಳೋ. ನಾನು ನನ್ನ ಕಣ್ಣಲ್ಲಿ ನೋಡ್ತೀನಿ."

ಸಂಜೆ ಮನೆಗೆ ಹೋಗುವಷ್ಟರಲ್ಲಿ ಶಾರದೆಗೆ ಸುದ್ದಿ ಮುಟ್ಟಿತ್ತು. "ರೀ, ಅವನು ನಿಮಗಿಂತ ಚಿಕ್ಕೋನು. ಅವನ ಮೇಲೆ ಏನ್ರೀ ನಿಮಗೆ ಪೈಪೋಟಿ?" ಎಂದಳು. ಚಿಕ್ಕವನಾದ್ದರಿಂದಲೇ ಪೈಪೋಟಿ ಎಂದು ಅವಳಿಗೆ ಹೇಗೆ ಹೇಳುವುದು? ದೊಡ್ಡವನಾಗಿದ್ದರೆ ಅನುಭವ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಕಚೇರಿಯಲ್ಲಿ ಆಯುಧಪೂಜೆ ಎಂದರೆ ಲಾರಿ, ತಕ್ಕಡಿ, ಟೈಪ್‌ರೈಟರು, ಕಂಪ್ಯೂಟರು ಎಲ್ಲಕ್ಕೂ ಸ್ನಾನ, ಇಲ್ಲವೇ ಒದ್ದೆ ಬಟ್ಟೆಯ ಒರೆಸಾಟ. ಹೊಸ ಪಂಚೆ ಉಟ್ಟು ಬಂದಿದ್ದ ಸೀನ ಸ್ವಿಚ್ಚನ್ನು ತಾನೇ ಸಿಂಗರಿಸುತ್ತೇನೆಂದ. ಕೇಬಲ್ಲುಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಹಾರ ಹಾಕಿದ. ಅಷ್ಟರಲ್ಲಿ ರೆಡ್ಡಿಯವರು ಗಡಿಯಾರ ನೋಡಿಕೊಂಡರು.

"ಬೇಗಪ್ಪಾ, ರಾಹುಕಾಲ ಬರ್ತದೆ. ಮಂಗಳಾರತಿ ಹೊತ್ತಿಗೆ ಎಲ್ಲ ನಡೀತಿರ್ಬೇಕು."

ಸೀನ ಕನ್ನಡಿಯ ಕಂಪ್ಯೂಟರನ್ನು ಕೊನೆಯ ಪೋರ್ಟಿಗೆ ಹಾಕಿ, ಉಳಿದ ಕೇಬಲ್ಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಸಿಕ್ಕಸಿಕ್ಕ ಪೋರ್ಟಿಗೆ ಚುಚ್ಚಿದ. ಸ್ವಿಚ್ಚಿನ ಗುಣವೇ ಅಂಥದ್ದು, ಎಲ್ಲಿ ಚುಚ್ಚಿದರೂ ದೀಪ ಹತ್ತುತ್ತದೆ, ಎಲ್ಲಿ ಚುಚ್ಚಿದರೂ ಕೆಲಸ ನಡೆಯುತ್ತದೆ. ಕರ್ಪೂರ ಬೆಳಗುವಾಗ ದೀಪಗಳು ಪಟಪಟ ಮಿನುಗಿದವು, ಎಲ್ಲರೂ ಕೈಮುಗಿದರು. ನಾನು ಕಡಲೆಪುರಿಯ ತಟ್ಟೆ ಹಿಡಿದು ನಿಂತು, ಪಂಚೆಯಲ್ಲಿ ಇವನು ಎಷ್ಟು ಲಕ್ಷಣವಾಗಿ ಕಾಣುತ್ತಾನಲ್ಲ ಎಂದು ಕುದಿಯುತ್ತಿದ್ದೆ.

ಮಾವಿನ ಕಾಲವಲ್ಲದಾಗ ಮುಳಬಾಗಿಲಿನ ಯಾರ್ಡಿನಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಗ್ರಾಫು ನೆಲ ಹಿಡಿದಿದ್ದರೂ ಯಾರೂ ಕೇಳಲಿಲ್ಲ. ಬೇಸಿಗೆ ಬಂದು ತೋತಾಪುರಿ ಮಾವಿನ ಲಾರಿಗಳು ಶುರುವಾದವು, ಗಲಾಟೆಯೂ ಶುರುವಾಯಿತು.

ಯಾರ್ಡಿನ ವೇಬ್ರಿಡ್ಜ್ ನೋಡಿಕೊಳ್ಳುತ್ತಿದ್ದವರು ಅಮೀರ್ ಜಾನ್. ಕಂಪನಿ ಶುರುವಾದಾಗಿನಿಂದ ಇದ್ದವರು. ಅವರು ಲಾರಿ ತೂಗಿ ಕಂಪ್ಯೂಟರಿನಲ್ಲಿ ತೂಕದ ಚೀಟಿ ಕಳಿಸಬೇಕು. ಅದು ಕೋಲಾರ ಮುಟ್ಟಿದ ಮೇಲೆಯೇ ಶ್ರೀನಿವಾಸಪುರದ ಗೇಟಿನಲ್ಲಿ ಲಾರಿಯನ್ನು ಒಳಗೆ ಬಿಡುತ್ತಾರೆ. ಆ ವರ್ಷ ಲಾರಿ ಮೊದಲು ತಲುಪಿ ಚೀಟಿ ಎಷ್ಟೋ ಹೊತ್ತಾದ ಮೇಲೆ ಬರತೊಡಗಿತು. ಗೇಟಿನ ಮುಂದೆ ಬಿಸಿಲಿನಲ್ಲಿ ಲಾರಿಗಳ ಸಾಲು, ಕೆಳಗಿನ ಕಾಯಿ ಬೆಂದು ಸೋರುತ್ತಿದೆ. ಅಮೀರ್ ಜಾನ್ ಅವರು, ತೂಗಿದ ಕೂಡಲೇ ಕಳಿಸ್ತಿದೀನಿ, ಲೈನು ಸರಿಯಿಲ್ಲ, ಎಂದರು. ರೆಡ್ಡಿಯವರು ಕನ್ನಡಿ ನೋಡಿದರು. ಗ್ರಾಫಿನಲ್ಲಿ ಬೆಳಿಗ್ಗೆ ಒಂದು ಸಣ್ಣ ಗುಡ್ಡ, ಸಂಜೆ ಒಂದು ಸಣ್ಣ ಗುಡ್ಡ, ನಡುವೆ ಬಯಲು.

"ಲೈನು ಖಾಲಿ ಬಿದ್ದಿದೆ. ಬೆಳಿಗ್ಗೆ ಒಂದಿಷ್ಟು ಕಳಿಸ್ತಾನೆ, ಸಂಜೆ ಒಂದಿಷ್ಟು ಕಳಿಸ್ತಾನೆ. ಮಧ್ಯಾಹ್ನವೆಲ್ಲ ಸಾಬರು ಮಲಗಿರ್ತಾರಾ?" ಎಂದರು. ಭಾನುವಾರ ಸಣ್ಣ ಗುಡ್ಡವೂ ಇರಲಿಲ್ಲ. ಭಾನುವಾರ ಯಾರ್ಡಿನ ಬಾಗಿಲೇ ತೆರೆದಿಲ್ಲ ಎಂದು ತೀರ್ಮಾನವಾಯಿತು. ಬುಧವಾರದೊಳಗೆ ಅವರನ್ನು ತೆಗೆದು ಬೇರೆಯವರನ್ನು ಹಾಕುವುದೆಂದು ಮಾತಾಯಿತು.

ಕಚೇರಿಯಲ್ಲಿ ಎಲ್ಲರೂ ಕನ್ನಡಿಯನ್ನು ನಂಬಿದರು. ನಾನು ನಂಬಲಿಲ್ಲ. ಅಮೀರ್ ಜಾನ್ ಅವರ ಮೇಲಿನ ವಿಶ್ವಾಸದಿಂದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಕನ್ನಡಿ ಸೀನನದು ಎಂಬ ಒಂದೇ ಕಾರಣಕ್ಕೆ ನಂಬಲಿಲ್ಲ. ಅದೂ ಅಲ್ಲದೆ ಆ ಭಾನುವಾರ ಚಿಕ್ಕಪ್ಪನ ಮನೆಯ ನಾಮಕರಣಕ್ಕೆ ನಾನು ಮುಳಬಾಗಿಲಿನಲ್ಲಿದ್ದೆ. ಯಾರ್ಡಿನ ಮುಂದಿನಿಂದ ಬಸ್ಸು ಹೋಗುವಾಗ ಲಾರಿಗಳು ರಸ್ತೆಯವರೆಗೂ ನಿಂತಿದ್ದನ್ನು ಕಂಡಿದ್ದೆ.

ಅಮೀರ್ ಜಾನ್ ಅವರಿಗೆ ಫೋನು ಮಾಡಿದೆ. ಅವರ ದನಿ ಇಳಿದುಹೋಗಿತ್ತು.

"ರಾವ್ ಸಾಬ್, ಇಷ್ಟು ವರ್ಷ ಆಯ್ತು, ನಾನು ಸುಳ್ಳು ಹೇಳೋ ಆದ್ಮಿನಾ? ಗುಂಡಿ ಒತ್ತಿದ್ರೆ ಹೋಗ್ತಾನೇ ಇರ್ತದೆ ಹೋಗ್ತಾನೇ ಇರ್ತದೆ, ಮುಗಿಯೋದೇ ಇಲ್ಲ. ಮನೇಲಿ ಮಗಳ ಮದುವೆ ಇಟ್ಕೊಂಡಿದೀನಿ. ಕಳ್ಳ ಅನ್ನಿಸ್ಕೊಂಡು ಹೋಗೋದು ಹ್ಯಾಗೆ?"

"ಭಾನುವಾರ ಎಷ್ಟು ಹೊತ್ತಿಗೆ ತೆಗೆದಿದ್ರಿ?"

"ನಮಾಜ್ ಮುಗಿಸಿ ಸೀದಾ ಬಂದೆ. ಕತ್ಲೆ ಆಗೋವರೆಗೂ ಊಟಕ್ಕೂ ಏಳಲಿಲ್ಲ."

ಚೀಟಿಗಳು ಬಂದು ಸೇರುವ ಕೋಲಾರದ ಸರ್ವರಿನಲ್ಲಿ ನೋಡಿದೆ. ಭಾನುವಾರದ ಚೀಟಿಗಳು ತಡವಾಗಿಯಾದರೂ ಬಂದಿದ್ದವು. ಕನ್ನಡಿಯಲ್ಲಿ ಭಾನುವಾರ ಒಂದು ಗೆರೆಯೂ ಇಲ್ಲ. ಹಾಗಾದರೆ ಈ ಚೀಟಿಗಳು ಯಾವ ದಾರಿಯಲ್ಲಿ ಬಂದವು? ಕನ್ನಡಿ ನೋಡುತ್ತಿರುವುದು ಮುಳಬಾಗಿಲನ್ನಲ್ಲ, ಬೇರೆ ಏನನ್ನೋ. ನನಗೆ ಅವತ್ತು ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮುಳಬಾಗಿಲಿನ ಲೈನು ಬಂದು ಸೇರುವ ರೂಟರಿನಿಂದ ಸ್ವಿಚ್ಚಿಗೆ ಹೋಗುವ ಕೇಬಲ್ಲನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ. ಅದು ಹೋಗಿ ಸೇರಿದ್ದು ಒಂಬತ್ತನೇ ಪೋರ್ಟಿಗೆ. ಆರನೇ ಪೋರ್ಟಿನಲ್ಲಿದ್ದದ್ದು ಬಾಗಿಲ ಬಳಿಯ ಹಾಜರಿ ಯಂತ್ರದ ಕೇಬಲ್. ಬೆಳಿಗ್ಗೆ ನಾವೆಲ್ಲ ಕಾರ್ಡು ಉಜ್ಜಿದಾಗ ಒಂದು ಗುಡ್ಡ, ಸಂಜೆ ಉಜ್ಜಿದಾಗ ಒಂದು ಗುಡ್ಡ, ಭಾನುವಾರ ರಜೆ. ಆಯುಧಪೂಜೆಯ ದಿನದಿಂದ ಸೀನನ ಕನ್ನಡಿ ನಮ್ಮದೇ ಹಾಜರಿ ನೋಡುತ್ತ ಕೂತಿತ್ತು. ಆ ಪೋರ್ಟುಗಳ ಪಕ್ಕ ಕುಂಕುಮ ಇನ್ನೂ ಅಂಟಿಕೊಂಡಿತ್ತು.

ನನ್ನ ಹಬ್ಬನ್ನು ತಂದು ಮುಳಬಾಗಿಲಿನ ಲೈನಿಗೆ ಹಾಕಿ ಲ್ಯಾಪ್‌ಟಾಪ್ ಚುಚ್ಚಿದೆ. ಯಾರ್ಡು ತೆರೆದ ಕೂಡಲೇ ಪರದೆ ತುಂಬಿ ಹರಿಯಿತು. ತುಂಬಿಸುತ್ತಿದ್ದದ್ದು ಚೀಟಿಗಳಲ್ಲ, ಫೋಟೋಗಳು. ಪ್ರತಿ ಲಾರಿಯ ಕಾಯಿಯ ಫೋಟೋ ತೆಗೆದು ಇಡಬೇಕೆಂದು ಆ ವರ್ಷ ಖರೀದಿ ವಿಭಾಗ ಒಂದು ಡಿಜಿಟಲ್ ಕ್ಯಾಮರಾ ಕೊಟ್ಟಿತ್ತು. ಆ ದೊಡ್ಡ ದೊಡ್ಡ ಫೋಟೋಗಳು ತಮ್ಮಷ್ಟಕ್ಕೆ ತಾವೇ ಕೋಲಾರದ ಸರ್ವರಿಗೆ ಕಾಪಿಯಾಗುತ್ತಿದ್ದವು. ಸಣ್ಣ ಲೈನು, ಮುಂದೆ ಫೋಟೋಗಳ ಮೆರವಣಿಗೆ, ಹಿಂದೆ ಬಡಪಾಯಿ ಚೀಟಿ.

ರೆಡ್ಡಿಯವರ ಮುಂದೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲ ವಾಕ್ಯ, ಸರ್, ನೆಟ್‌ವರ್ಕ್ ಪ್ರಶಾಂತವಾಗಿಲ್ಲ. ಆಮೇಲೆ ಸ್ವಲ್ಪ ಸುಮ್ಮನಿರುವುದು. ಎಲ್ಲರೂ ಸೇರಿರಬೇಕು, ಸೀನ ಎದುರಿಗೆ ಇರಬೇಕು. ಅಷ್ಟು ಹೊತ್ತಿಗೆ ಹಿಂದೆ ಚಪ್ಪಲಿಯ ಸದ್ದಾಯಿತು.

ಸೀನ ನನ್ನ ಹಬ್ ನೋಡಿದ, ಪರದೆ ನೋಡಿದ, ಬಗ್ಗಿ ಆರನೇ ಪೋರ್ಟು ನೋಡಿದ. ಮುಖ ಬಿಳಿಚಿಕೊಂಡಿತು. ತಿರುಗಿ ರೆಡ್ಡಿಯವರ ಕೋಣೆಯ ಕಡೆಗೆ ಓಡಿದ. ನಾನು ನೆಲದ ಮೇಲೆ ಮಂಡಿಯೂರಿ ಕೂತಿದ್ದೆ. ಮಂಡಿ ಹಿಡಿದುಕೊಂಡಿತ್ತು. ಎದ್ದು, ಗೋಡೆ ಹಿಡಿದು, ಕುಂಟುತ್ತ ನಾನು ಬಾಗಿಲು ಮುಟ್ಟುವಷ್ಟರಲ್ಲಿ ಒಳಗೆ ಎಲ್ಲ ಮುಗಿದಿತ್ತು.

"ತಪ್ಪು ನಂದು ಸರ್," ಎನ್ನುತ್ತಿದ್ದ ಸೀನ. "ಪೂಜೆ ದಿನ ಕೇಬಲ್ಲು ಅದಲುಬದಲು ಮಾಡ್ಬಿಟ್ಟೆ. ಅಮೀರ್ ಜಾನ್ ಅವರದ್ದು ಏನೂ ಇಲ್ಲ, ಲೈನು ಫೋಟೋದಿಂದ ಕಟ್ಕೊಂಡಿದೆ. ಬಾವ ಹಿಡಿದ್ರು."

ರೆಡ್ಡಿಯವರು ಎದ್ದು ಬಂದು ಅವನ ಬೆನ್ನು ತಟ್ಟಿದರು. "ಹಿಂಗೆ ಮುಖಕ್ಕೆ ಬಂದು ಒಪ್ಕೊಳ್ಳೋರು ಎಷ್ಟು ಜನ ಇದಾರಯ್ಯಾ ಈ ಕಾಲದಲ್ಲಿ," ಎಂದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಬನ್ನಿ ರಾವ್, ಕೂತ್ಕೊಳ್ಳಿ. ಕಾಲಿಗೇನಾಯ್ತು?" ಎಂದರು.

ಸೀನ ಅಲ್ಲಿಂದಲೇ ಮುಳಬಾಗಿಲಿಗೆ ಫೋನು ಮಾಡಿ ಅಮೀರ್ ಜಾನ್ ಅವರ ಕ್ಷಮೆ ಕೇಳಿದ. ಫೋಟೋಗಳನ್ನು ರಾತ್ರಿ ಹೊತ್ತು ಕಳಿಸುವ ಹಾಗೆ ಮಾಡಿದ ಮೇಲೆ ಚೀಟಿಗಳು ಲಾರಿಗಿಂತ ಮೊದಲು ಬರತೊಡಗಿದವು. ಅಮೀರ್ ಜಾನ್ ಉಳಿದುಕೊಂಡರು. ಆಮೇಲೆ ಮುಳಬಾಗಿಲಿನಿಂದ ಏನೇ ಫೋನು ಬಂದರೂ, ಶ್ರೀನಾಥ್ ಸಾಬ್ ಇದಾರಾ, ಅಂತಲೇ. ಕಂಡುಹಿಡಿದವನು ನಾನು, ಆದರೆ ಅವರ ಕಿವಿಗೆ ಮೊದಲು ಬಿದ್ದ ದನಿ ಅವನದು.

ಆ ಶನಿವಾರ ಯಾರ್ಡಿನಿಂದ ಸೀನನ ಮನೆಗೆ ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಬಂತು. ಸಂಜೆ ಶಾರದೆ ಅದರಲ್ಲಿ ಅರ್ಧದಷ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

"ಸೀನ ಕೊಟ್ಟ. ಇದು ಬಾವಂಗೆ ಸೇರಬೇಕಾದ್ದು ಅಂದ," ಎಂದಳು.

"ನಂಗೆ ಬೇಡ."

"ಬೇಡ ಅಂದ್ರೆ ಬಿಡಿ." ಹಣ್ಣು ತೊಳೆದು ತಟ್ಟೆಗೆ ಹಾಕಿ ನನ್ನ ಮುಂದೆಯೇ ಇಟ್ಟಳು. ಮನೆಯೆಲ್ಲ ಘಮಘಮ. ಸ್ವಲ್ಪ ಹೊತ್ತು ತಡೆದೆ. ಆಮೇಲೆ ಒಂದನ್ನು ತೆಗೆದುಕೊಂಡು ಹಿಂಡಿ, ತೊಟ್ಟು ಕಿತ್ತು ಬಾಯಿಗಿಟ್ಟೆ. ಅವಳು ಎದುರಿಗೆ ಕೂತು ಹೂವು ಕಟ್ಟುತ್ತ ಹೇಳಿದಳು.

"ಪಾಪ, ಅವನು ಇವತ್ತು ಊಟಾನೇ ಸರಿಯಾಗಿ ಮಾಡ್ಲಿಲ್ಲ ರೀ. ಏನಾಯ್ತೋ ಅಂದ್ರೆ, ನಾನು ಎಷ್ಟು ಕಲಿತ್ರೂ ಅಷ್ಟೇ ಅಕ್ಕ, ನನ್ನ ಕನ್ನಡೀಲಿ ಕಾಣ್ದೇ ಇದ್ದಿದ್ದು ಬಾವಂಗೆ ಒಂದು ಗುಜರಿ ಡಬ್ಬದಲ್ಲಿ ಕಾಣುತ್ತೆ. ಅವರು ಬಾಯಿ ಬಿಡೋಕೆ ಮುಂಚೆ ಹೇಳ್ಬಿಡೋಣ ಅಂತ ಅವತ್ತು ರೆಡ್ಡಿಯವರ ಹತ್ರ ಓಡಿದೆ. ಅವರನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಅಂದ."

ನನ್ನ ಕೈಯಲ್ಲಿ ವಾಟೆ ಮಾತ್ರ ಉಳಿದಿತ್ತು. ಅದನ್ನು ತಟ್ಟೆಯ ಅಂಚಿಗಿಟ್ಟು ಎರಡನೆಯ ಹಣ್ಣಿಗೆ ಕೈ ಹಾಕಿದೆ.

"ಏನಂದ?" ಎಂದೆ. "ಇನ್ನೊಂದ್ಸಲ ಹೇಳು."